ಜುಲೈ ಮಳೆಯಲ್ಲಿ ಒರ್ಲ್ಯಾಂಡೊ ಥೀಮ್ ಪಾರ್ಕ್‌ಗಳು: ಮಡಚಿ ಒಯ್ಯಬಹುದಾದ ಮಳೆಯಂಗಿ ಯಾವುದು, ಕಾಲಿಗೆ ಏನು?

ತುಂಗಾತೀರದ ಮೇಷ್ಟ್ರು (ಮೇ 12)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಮಗಳ ಸಂಸಾರ ನಾರ್ತ್ ಕೆರೊಲಿನಾದಲ್ಲಿದೆ. ಬರುವ ಜುಲೈನಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೊರಟಿದ್ದೇವೆ. ಎಂಟು ವರ್ಷದ ಮೊಮ್ಮಗಳು, ಮೂರು ವರ್ಷದ ಮೊಮ್ಮಗ ಇಬ್ಬರನ್ನೂ ಕರೆದುಕೊಂಡು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಮೂರು ದಿನ, ಯೂನಿವರ್ಸಲ್‌ನಲ್ಲಿ ಒಂದು ದಿನ ಕಳೆಯುವುದೆಂದು ಮಗಳು ಆಗಲೇ ಟಿಕೆಟ್ ಮಾಡಿಸಿಟ್ಟಿದ್ದಾಳೆ.

ಅಲ್ಲಿ ಜುಲೈ ತಿಂಗಳೆಂದರೆ ಹೆಚ್ಚುಕಡಿಮೆ ದಿನವೂ ಮಧ್ಯಾಹ್ನ ಮಳೆ ಎಂದು ಅಳಿಯಂದಿರು ಹೇಳುತ್ತಾರೆ. ಮಲೆನಾಡಿನವರಾದ ನಮಗೆ ಮಳೆಯ ಭಯವೇನೂ ಇಲ್ಲ. ಆದರೆ ನಮ್ಮ ಮಳೆಯನ್ನು ನಾವು ನೋಡುವುದು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕುಳಿತೇ ಹೊರತು ಬೆಳಗ್ಗೆಯಿಂದ ರಾತ್ರಿಯವರೆಗೆ ಬಯಲಿನಲ್ಲಿ ಸಾಲುಗಟ್ಟಿ ನಿಂತು ಅಲ್ಲ. ಮನೆಯಲ್ಲಿರುವುದು ಸ್ಕೂಟರಿಗೆಂದು ಕೊಂಡ ಅಂಗಿ-ಪ್ಯಾಂಟಿನ ದಪ್ಪ ರೇನ್‌ಕೋಟು. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ, ಚೀಲವೂ ಸೇರಿ 1 ಕಿಲೋ 150 ಗ್ರಾಂ ತೂಗಿತು. ಇಂಥದ್ದನ್ನು ಇಬ್ಬರಿಗೂ ಹೊತ್ತೊಯ್ದರೆ ಉಪ್ಪಿನಕಾಯಿ, ಚಟ್ನಿಪುಡಿಗೆ ಪೆಟ್ಟಿಗೆಯಲ್ಲಿ ಜಾಗ ಉಳಿಯುವುದಿಲ್ಲವೆಂಬ ಆಕ್ಷೇಪ ಒಳಗಿನಿಂದ ಬಂದಿದೆ.

ಕಾಲಿನ ಪ್ರಶ್ನೆ ಇನ್ನೂ ತೊಡಕಿನದು. ನಮ್ಮ ಮನೆಯವರಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಅವರು ಜೀವಮಾನದಲ್ಲಿ ಶೂ ಹಾಕಿದವರಲ್ಲ, ಕಾಲುಂಗುರ ತೆಗೆಯಲು ಒಪ್ಪುವವರೂ ಅಲ್ಲ. ನನ್ನದಾದರೆ ಮಗಳ ಮದುವೆಯ ಹೊತ್ತಿಗೆ, ಅಂದರೆ ಹನ್ನೊಂದು ವರ್ಷದ ಹಿಂದೆ ಕೊಂಡು ನಾಲ್ಕೈದು ಸಲ ಮಾತ್ರ ಹಾಕಿದ ವಾಕಿಂಗ್ ಶೂ ಬೀರುವಿನಲ್ಲಿ ಹೊಸದರಂತೆಯೇ ಇದೆ. ನೀರು ಒಳಗೆ ಹೋಗದ 'ವಾಟರ್‌ಪ್ರೂಫ್' ಶೂ ಕೊಳ್ಳುವುದೋ, ಸ್ಯಾಂಡಲ್ ಸಾಕೋ, ಛತ್ರಿ ಒಯ್ಯಬಹುದೋ, ರೇನ್‌ಕೋಟೋ ಪಾಂಚೊವೋ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಟ್ಯಾಂಪಾ ವಾಸಿ (ಮೇ 13)

ಮೇಷ್ಟ್ರೇ, ನಾನು ಒರ್ಲ್ಯಾಂಡೊದಿಂದ ಒಂದೂವರೆ ಗಂಟೆ ದಾರಿಯ ಟ್ಯಾಂಪಾದಲ್ಲಿದ್ದೇನೆ. ಊರಿನಿಂದ ಬಂದ ಅತಿಥಿಗಳನ್ನು ಈ ಪಾರ್ಕ್‌ಗಳಿಗೆ ಕರೆದೊಯ್ಯುವುದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಬರುವ ಹಬ್ಬ. ಮೊದಲು ಮಳೆಯ ಸ್ವಭಾವ ಹೇಳಿಬಿಡುತ್ತೇನೆ, ಏಕೆಂದರೆ ಯಾವ ಬಟ್ಟೆ ಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಫ್ಲಾರಿಡಾ ಎಂದರೆ ಎರಡೂ ಕಡೆ ಸಮುದ್ರವಿರುವ ಕಿರಿದಾದ ನೆಲ. ಬೇಸಿಗೆಯಲ್ಲಿ ನೆಲ ಕಾದಾಗ ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಒಂದು, ಅಟ್ಲಾಂಟಿಕ್ ಕಡೆಯಿಂದ ಇನ್ನೊಂದು ಕಡಲಗಾಳಿ ಒಳನಾಡಿಗೆ ನುಗ್ಗಿ ನಡುವೆ ಎಲ್ಲೋ ಮುಖಾಮುಖಿಯಾಗುತ್ತವೆ. ಹಾಗೆ ಸಂಧಿಸಿದ ತೇವದ ಗಾಳಿ ಮೇಲೇರಿ ಗುಡುಗುಮೋಡವಾಗುತ್ತದೆ. ಒರ್ಲ್ಯಾಂಡೊ ಇರುವುದು ಆ ನಡುವಿನಲ್ಲಿಯೇ. ಆದುದರಿಂದ ಬೆಳಗ್ಗೆ ಸುಡುಬಿಸಿಲು, ಎರಡು-ಮೂರು ಗಂಟೆಯ ಹೊತ್ತಿಗೆ ಕೊಡದಲ್ಲಿ ಸುರಿದಂಥ ಮಳೆ, ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದರೆ ಮತ್ತೆ ಬಿಸಿಲು. ನಿಮ್ಮ ಆಗುಂಬೆಯ ಹಾಗೆ ದಿನಗಟ್ಟಲೆ ಜಿಟಿಜಿಟಿ ಹಿಡಿಯುವುದು ಚಂಡಮಾರುತವೇನಾದರೂ ಹತ್ತಿರ ಬಂದಾಗ ಮಾತ್ರ.

ಜುಲೈಯಲ್ಲಿ ಹಗಲಿನ ಉಷ್ಣಾಂಶ 33 ಡಿಗ್ರಿಯ ಸುತ್ತಮುತ್ತ ಇರುತ್ತದೆ, ಗಾಳಿಯಲ್ಲಿ ಮಂಗಳೂರಿನ ಮೇ ತಿಂಗಳ ಸೆಕೆ. ಇಂಥ ಕಡೆ ನಿಮ್ಮ ಸ್ಕೂಟರ್ ರೇನ್‌ಕೋಟನ್ನು ಹಾಕಿಕೊಂಡರೆ ಹೊರಗಿನ ನೀರಿನಿಂದ ಪಾರಾಗಿ ಒಳಗಿನ ಬೆವರಿನಲ್ಲಿ ನೆನೆಯುತ್ತೀರಿ, ಅಷ್ಟೆ. ನನ್ನ ಆಯ್ಕೆ ಪಾಂಚೊ. ಅದು ತಲೆಯ ಮೇಲಿಂದ ಇಳಿಬಿಡುವ ಸಡಿಲವಾದ ಹೊದಿಕೆಯಾದ್ದರಿಂದ ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿ ಆಡುತ್ತದೆ, ಬೆನ್ನಿನ ಚೀಲವೂ ಅದರೊಳಗೇ ಅಡಗುತ್ತದೆ, ಸೀರೆಯ ಮೇಲೂ ಕೂರುತ್ತದೆ. ಪಾಂಚೊದಲ್ಲಿ ಎರಡು ಜಾತಿ. ಒಂದು, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ತೆಳು ಪಾಲಿಥಿನ್‌ನದು. ತೂಕ ಸುಮಾರು 50 ಗ್ರಾಂ, ಆದರೆ ತೊಡುವ ಅವಸರದಲ್ಲಿ ಕುತ್ತಿಗೆಯ ಬಳಿ ಹರಿಯುತ್ತದೆ, ಒಮ್ಮೆ ಬಿಡಿಸಿದರೆ ಮತ್ತೆ ಆ ಗಾತ್ರಕ್ಕೆ ಮಡಚಲು ಯಾರಿಂದಲೂ ಆಗದು. ಇನ್ನೊಂದು, ಒಳಮೈಗೆ ಲೇಪನ ಕೊಟ್ಟ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯದು. 250 ಗ್ರಾಂ ಆಸುಪಾಸು ತೂಗುತ್ತದೆ, ಕೊಡವಿದರೆ ಅರ್ಧ ನೀರು ಹೋಗುತ್ತದೆ, ವರ್ಷಾನುಗಟ್ಟಲೆ ಬಾಳುತ್ತದೆ. ದೊಡ್ಡವರಿಗೆಲ್ಲ ಎರಡನೆಯ ಜಾತಿಯದು, ಚೀಲದ ತಳದಲ್ಲಿ ಆಪತ್ತಿಗೆಂದು ಮೊದಲನೆಯ ಜಾತಿಯವು ನಾಲ್ಕೈದು ಇರಲಿ. ಪಾರ್ಕಿನ ಒಳಗೂ ಪಾಂಚೊ ಮಾರುತ್ತಾರೆ, ಹೊರಗಿನ ಅಂಗಡಿಯ ಬೆಲೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಹೊಲಿಗೆ. ಬಟ್ಟೆಯ ಮೇಲೆ 2000 ಮಿ.ಮೀ., 5000 ಮಿ.ಮೀ. ಎಂದು ಬರೆದಿರುತ್ತಾರೆ. ಅಷ್ಟೆತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಎಂದರ್ಥ, ವಿಜ್ಞಾನದ ಮೇಷ್ಟ್ರಿಗೆ ನಾನು ವಿವರಿಸಬೇಕಿಲ್ಲ. ಆದರೆ ಸೂಜಿ ಚುಚ್ಚಿದ ತೂತುಗಳ ಮೇಲೆ ಒಳಗಿನಿಂದ ಟೇಪ್ ಅಂಟಿಸಿರದಿದ್ದರೆ ಆ ಸಂಖ್ಯೆಗೆ ಕಾಸಿನ ಬೆಲೆಯಿಲ್ಲ, ಭುಜದ ಮೇಲಿನ ಹೊಲಿಗೆಯೇ ಮೊದಲು ಸೋರುವುದು. ಅಂಗಡಿಯಲ್ಲಿಯೇ ಒಳಮಗ್ಗುಲು ತಿರುಗಿಸಿ ಬೆರಳಾಡಿಸಿ ನೋಡಿ. ನೀವು ಕನ್ನಡಕದವರಾದರೆ ಪಾಂಚೊದ ಟೊಪ್ಪಿಗೆಯ ಕೆಳಗೆ ಮುಂಚಾಚು ಇರುವ ಕ್ಯಾಪ್ ಹಾಕಿಕೊಳ್ಳಿ. ಹಾಗೆ ಮಾಡಿದರೆ ಟೊಪ್ಪಿಗೆ ಕಣ್ಣಿನ ಮೇಲೆ ಇಳಿಯುವುದಿಲ್ಲ, ತಲೆ ತಿರುಗಿಸಿದಾಗ ಅದೂ ಜೊತೆಗೇ ತಿರುಗುತ್ತದೆ.

ಛತ್ರಿಗೆ ನಿಷೇಧವಿಲ್ಲ. ಆದರೂ ಸಾವಿರಾರು ಜನ ಒಟ್ಟಿಗೇ ಮಾಡಿನ ಕಡೆಗೆ ಓಡುವಾಗ ಛತ್ರಿಯ ಕಡ್ಡಿಗಳು ಸರಿಯಾಗಿ ಮಕ್ಕಳ ಕಣ್ಣಿನ ಎತ್ತರದಲ್ಲಿರುತ್ತವೆ, ಸ್ಟ್ರೋಲರ್ (ಮಗುವನ್ನು ಕೂರಿಸುವ ಗಾಡಿ) ತಳ್ಳುವವರಿಗೆ ಕೈಯೂ ಸಾಲದು. ಇನ್ನೊಂದು ಮಾತು, ಮಿಂಚು ಹತ್ತಿರವಾದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಎಕ್ಸ್‌ಪೆಡಿಷನ್ ಎವರೆಸ್ಟ್, ಸ್ಲಿಂಕಿ ಡಾಗ್ ಡ್ಯಾಶ್ ಇಂಥ ರೋಲರ್ ಕೋಸ್ಟರ್‌ಗಳು ನಿಂತೇಹೋಗುತ್ತವೆ. ಆಗ ಪಾಂಚೊ ಹೊದ್ದು ಸಾಲಿನಲ್ಲಿ ನಿಲ್ಲುವ ಛಲ ಬೇಡ. ಡಿಸ್ನಿ ವರ್ಲ್ಡ್ ಎಂದರೆ ಬೇರೆಬೇರೆ ಪಾರ್ಕ್‌ಗಳ ಗುಂಪು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಾದರೆ 'ಇಟ್ಸ್ ಎ ಸ್ಮಾಲ್ ವರ್ಲ್ಡ್', ಎಪ್‌ಕಾಟ್‌ನಲ್ಲಾದರೆ 'ಲಿವಿಂಗ್ ವಿತ್ ದ ಲ್ಯಾಂಡ್' ಹೀಗೆ ಮಾಡಿನ ಕೆಳಗಿನವನ್ನು ಆ ಹೊತ್ತಿಗೆಂದೇ ಉಳಿಸಿಟ್ಟುಕೊಳ್ಳಿ. ಒಳಗೆಲ್ಲ ಏಸಿ ಬಲವಾಗಿರುವುದರಿಂದ ನೆನೆದ ಮೈಯಲ್ಲಿ ಹೋದರೆ ಹಲ್ಲು ಕಟಕಟಿಸುತ್ತದೆ. ಮಕ್ಕಳಿಗೆ ಒಂದೊಂದು ಒಣ ಟೀ-ಶರ್ಟನ್ನು ಜಿಪ್ ಕವರಿನಲ್ಲಿಟ್ಟುಕೊಂಡಿರಿ.

ಮೂರು ವರ್ಷದವನ ಸ್ಟ್ರೋಲರಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮಳೆಹೊದಿಕೆ ಸಿಗುತ್ತದೆ, ಮಗಳಿಗೆ ಅಲ್ಲಿಯೇ ಕೊಳ್ಳಲು ಹೇಳಿ. ಮಳೆ ನಿಂತ ಕ್ಷಣವೇ ಅದನ್ನು ತೆಗೆಯಬೇಕು. ಬಿಸಿಲು ಬಂದಮೇಲೆ ಅದರೊಳಗೆ ಮಗುವನ್ನು ಕೂರಿಸಿದರೆ ಇಡ್ಲಿ ಪಾತ್ರೆಯಲ್ಲಿ ಕೂರಿಸಿದ ಹಾಗೆ.

ಕುಮಾರಪರ್ವತ ಚಾರಣಿಗ (ಮೇ 13)

ಮೇಲಿನವರ ಮಾತಿಗೆ ನನ್ನದೊಂದು ತಕರಾರಿದೆ. ಪಾಂಚೊ ಗಾಳಿಗೆ ಎದ್ದು ಮುಖಕ್ಕೆ ಬಡಿಯುತ್ತದೆ, ಮೊಣಕಾಲಿನ ಕೆಳಗೆ ಏನನ್ನೂ ಕಾಯುವುದಿಲ್ಲ. ಹತ್ತು ವರ್ಷ ಪಶ್ಚಿಮ ಘಟ್ಟದಲ್ಲಿ ಮಳೆಗಾಲದ ಚಾರಣ ಮಾಡಿದ ನನ್ನ ಅನುಭವದಲ್ಲಿ, ಬೆವರಿನ ಆವಿಯನ್ನು ಹೊರಬಿಡುವ ಪೊರೆಯುಳ್ಳ ಒಳ್ಳೆಯ ಜಾಕೆಟ್‌ಗೆ ಸಮನಾದದ್ದಿಲ್ಲ. ಬೆಲೆ ಹೆಚ್ಚಾದರೂ 300 ಗ್ರಾಮಿನೊಳಗೆ ಸಿಗುತ್ತದೆ, ತನ್ನ ಜೇಬಿನೊಳಗೇ ಮಡಚಿಕೊಳ್ಳುತ್ತದೆ. ಕಾಲಿಗೂ ಅಂಥದೇ ಪೊರೆಯುಳ್ಳ ಹೈಕಿಂಗ್ ಶೂ ಕೊಳ್ಳಬಹುದು.

ಟ್ಯಾಂಪಾ ವಾಸಿ (ಮೇ 14)

ಚಾರಣಿಗರೇ, ಬೆಟ್ಟದ ತುದಿಯ ಚಳಿಮಳೆಗೆ ನಿಮ್ಮ ಮಾತು ಸರಿ. ಆ ಪೊರೆಗಳು ಕೆಲಸ ಮಾಡುವುದು ಒಳಗೆ ಆವಿಯ ಒತ್ತಡ ಹೆಚ್ಚು, ಹೊರಗೆ ಕಡಿಮೆ ಇದ್ದಾಗ. ಹೊರಗಿನ ಗಾಳಿಯೇ 33 ಡಿಗ್ರಿಯಲ್ಲಿ ನೀರು ಕುಡಿದು ನಿಂತಿದ್ದರೆ ಒಳಗಿನ ಆವಿ ಎಲ್ಲಿಗೆ ಹೋಗಬೇಕು? ಎಂಟು ಸಾವಿರ ರೂಪಾಯಿಯ ಜಾಕೆಟ್ ಆ ಹೊತ್ತಿಗೆ ಇನ್ನೂರು ರೂಪಾಯಿಯ ಪ್ಲಾಸ್ಟಿಕ್ಕಿನಂತೆಯೇ ನಡೆದುಕೊಳ್ಳುತ್ತದೆ. ಗಾಳಿಗೆ ಏಳುವ ಮಾತು ನಿಜ. ಪಕ್ಕದಲ್ಲಿ ಒತ್ತುಗುಂಡಿಗಳಿರುವ ಪಾಂಚೊ ಕೊಂಡರೆ ಅದೂ ಅಷ್ಟೇನೂ ಕಾಡದು. ಶೂ ವಿಷಯವನ್ನು ಬಲ್ಲವರಿಗೆ ಬಿಡುತ್ತೇನೆ.

ದಾವಣಗೆರೆ ಬೆಣ್ಣೆ (ಮೇ 15)

ಮೇಷ್ಟ್ರೇ ನಮಸ್ಕಾರ. ನಾನು ಮಧುಮೇಹಿಗಳ ಪಾದದ ಆರೈಕೆಯ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಅಮ್ಮನವರ ಕಾಲು, ಮಳೆಯಂಗಿಯ ಚರ್ಚೆ ಅದರ ಮುಂದೆ ಸಣ್ಣದು.

ಪ್ರಯಾಣಕ್ಕೆ ಮೊದಲು ವೈದ್ಯರಲ್ಲಿ ಪಾದದ ಸ್ಪರ್ಶಜ್ಞಾನದ ಪರೀಕ್ಷೆ ಮಾಡಿಸಿಬಿಡಿ. ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅದು ಬಾಗುವಷ್ಟು, ಅಂದರೆ 10 ಗ್ರಾಂ ಒತ್ತಡದಲ್ಲಿ ಪಾದದ ಅಲ್ಲಲ್ಲಿ ತಾಗಿಸಿ ತಿಳಿಯಿತೇ ಎಂದು ಕೇಳುತ್ತಾರೆ, ಐದು ನಿಮಿಷದ ಕೆಲಸ. ಸ್ಪರ್ಶ ಕಡಿಮೆಯಾಗಿದ್ದರೆ ಬೊಬ್ಬೆ ಎದ್ದು ಒಡೆದರೂ ಅವರಿಗೆ ನೋವು ಗೊತ್ತಾಗುವುದಿಲ್ಲ, ಸಂಜೆ ಕಾಲುಚೀಲ ತೆಗೆದಾಗ ಕಲೆ ನೋಡಿಯೇ ತಿಳಿಯಬೇಕು. ಆದ್ದರಿಂದ ಕಾಲುಚೀಲ ಬಿಳಿಯದೋ ತಿಳಿಬಣ್ಣದ್ದೋ ಆಗಿರಲಿ.

ಬೊಬ್ಬೆ ಏಳುವುದು ಬರಿಯ ಉಜ್ಜುವಿಕೆಯಿಂದ ಅಲ್ಲ. ಹೆಜ್ಜೆಯಿಟ್ಟಾಗ ಒಳಗಿನ ಮೂಳೆ ಮುಂದೆ ಜಾರುತ್ತದೆ, ಚರ್ಮ ಮಾತ್ರ ಕಾಲುಚೀಲಕ್ಕೆ ಅಂಟಿಕೊಂಡು ಹಿಂದೆಯೇ ನಿಲ್ಲುತ್ತದೆ. ನಡುವಿನ ಪದರಗಳು ಹೀಗೆ ಸಾವಿರಾರು ಸಲ ಎಳೆದಾಡಿದಾಗ ಬೇರ್ಪಟ್ಟು ನೀರು ತುಂಬಿಕೊಳ್ಳುತ್ತದೆ. ಒದ್ದೆ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಅಂಟುವುದರಿಂದ ಮಳೆಯಲ್ಲಿ ನಡೆದವರಿಗೆ ಬೇಗ ಬೊಬ್ಬೆ. ಹತ್ತಿಯ ಕಾಲುಚೀಲ ನೀರು ಹೀರಿ ಹಾಗೆಯೇ ಹಿಡಿದಿಡುತ್ತದೆ. ಪಾಲಿಯೆಸ್ಟರ್-ನೈಲಾನ್ ಮಿಶ್ರಣದ್ದು ಅಥವಾ ತೆಳ್ಳನೆಯ ಮೆರಿನೊ ಉಣ್ಣೆಯದು ಕೊಳ್ಳಿ. ಉಣ್ಣೆ ಎಂದರೆ ಸೆಕೆಯೆಂದು ಎಲ್ಲರೂ ಮೂಗು ಮುರಿಯುತ್ತಾರೆ, ಹಾಕಿ ನೋಡಿದವರು ಮುರಿಯುವುದಿಲ್ಲ. ದಿನಕ್ಕೆ ತಲಾ ಎರಡು ಜೊತೆ ಹೆಚ್ಚಿಗೆ ಇರಲಿ.

ವಾಟರ್‌ಪ್ರೂಫ್ ಶೂ ಬೇಡವೇ ಬೇಡ. ಅದರ ಬಾಯಿ ಮೇಲೆ ತೆರೆದೇ ಇರುತ್ತದಲ್ಲ, ಕಾಲಿನ ಮೇಲಿಂದ ಇಳಿದ ನೀರು ಒಳಗೆ ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ಬಾವಿಗೆ ಕಟ್ಟೆ ಕಟ್ಟಿದ ಹಾಗೆ. ಬಲೆಯಂಥ ಬಟ್ಟೆಯ, ಮುಂಭಾಗ ಅಗಲವಾದ ಓಟದ ಶೂ ಬೇಗ ನೆನೆಯುತ್ತದೆ, ಆದರೆ ಹೆಜ್ಜೆ ಹೆಜ್ಜೆಗೂ ನೀರನ್ನು ಹೊರಹಾಕುತ್ತದೆ. ಸಂಜೆ ಹೊತ್ತಿನಲ್ಲಿ, ಕಾಲು ಸ್ವಲ್ಪ ಊದಿರುವಾಗ, ಒಯ್ಯಲಿರುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ ಅಳತೆ ನೋಡಿಸಿ. ಇಂದೇ ಕೊಂಡು ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿದರೆ ಜುಲೈ ಹೊತ್ತಿಗೆ ಕಾಲಿಗೆ ಒಗ್ಗುತ್ತದೆ. ಮೊಮ್ಮಕ್ಕಳಿಗೆ ಬೇಕಾದರೆ ಹಿಮ್ಮಡಿಯ ಪಟ್ಟಿ ಇರುವ ನೀರಿನ ಸ್ಯಾಂಡಲ್ ಸಾಕು. ಅಮ್ಮನವರಿಗೆ ತೆರೆದ ಚಪ್ಪಲಿ ಬೇಡ, ಯಾರದೋ ಸ್ಟ್ರೋಲರಿನ ಗಾಲಿ ಬೆರಳಿನ ಮೇಲೆ ಹತ್ತಿದರೆ ಮುಗಿಯಿತು. ಹವಾಯಿ ಚಪ್ಪಲಿಯಂತೂ ಯಾರಿಗೂ ಬೇಡ.

ಕಾಲುಂಗುರದ ವಿಷಯ. ಮುಚ್ಚಿದ ಶೂ ಒಳಗೆ ಒದ್ದೆಯಲ್ಲಿ ಅದು ಪಕ್ಕದ ಬೆರಳನ್ನು ಕೊರೆಯುತ್ತದೆ. ಮುತ್ತೈದೆತನದ ಮಾತಾದ್ದರಿಂದ ತೆಗೆಯಿರೆಂದು ನಾನು ಹೇಳಲಾರೆ, ನನ್ನ ಅಮ್ಮನೇ ಕೇಳಿರಲಿಲ್ಲ. ಸುತ್ತು ಕಡಿಮೆಯ, ನಯವಾದ ಒಂದೇ ಎಳೆಯ ಉಂಗುರ ಹಾಕಿಕೊಳ್ಳಲಿ. ಮೇಲೆ ಕಾಗದದ ಟೇಪನ್ನು ಬಿಗಿಯಿಲ್ಲದೆ ಒಂದು ಸುತ್ತು ಸುತ್ತಿ, ರಾತ್ರಿ ಬಿಚ್ಚಿ ಬೆರಳ ಸಂದಿಯನ್ನು ಒರೆಸಿ ನೋಡಲಿ. ಬೆರಳು ಊದಿದ್ದು ಕಂಡರೆ ಆ ದಿನವೇ ತೆಗೆಯಬೇಕು, ಅದರಲ್ಲಿ ರಾಜಿಯಿಲ್ಲ.

ಇನ್ನು ನಿಮ್ಮ ಬೀರುವಿನ ಶೂ. ಅಡಿಭಾಗ ಪಾಲಿಯುರೆಥೇನ್‌ನದಾದರೆ ಹಾಕದೆ ಇಟ್ಟಷ್ಟೂ ಕೆಡುತ್ತದೆ. ಗಾಳಿಯ ತೇವವೇ ಅದನ್ನು ಒಳಗಿನಿಂದ ಮುರಿಯುತ್ತದೆ. ಹೊರಡುವ ಮುಂಚೆ ಒಮ್ಮೆ ಹಾಕಿ ನಡೆದು ನೋಡಿ.

ತುಂಗಾತೀರದ ಮೇಷ್ಟ್ರು (ಜೂನ್ 16)

ಎಲ್ಲರಿಗೂ ಕೃತಜ್ಞತೆಗಳು. ಬೀರುವಿನ ಶೂ ಹಾಕಿಕೊಂಡು ನಮ್ಮ ಮನೆಯ ಅಂಗಳದಲ್ಲಿ ಎರಡು ಸುತ್ತು ಬಂದೆ. ಮೂರನೆಯ ಸುತ್ತಿಗೆ ಬಲಗಾಲಿನ ಹಿಮ್ಮಡಿ ಒಣಗಿದ ರಾಗಿಮುದ್ದೆಯಂತೆ ಪುಡಿಪುಡಿಯಾಗಿ ನೆಲದ ಮೇಲೆ ಉದುರಿತು. ವಿಮಾನ ನಿಲ್ದಾಣದಲ್ಲಿ ಆಗಬೇಕಾಗಿದ್ದದ್ದು ಅಂಗಳದಲ್ಲಿ ಆಯಿತು, ಬೆಣ್ಣೆಯವರಿಗೆ ವಿಶೇಷ ವಂದನೆ.

ಇಬ್ಬರಿಗೂ ಬಲೆಬಟ್ಟೆಯ ಶೂ ಕೊಂಡೆವು. ಮಳೆ ಹಿಡಿದ ಮೇಲೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದು ಕಾಲಿಗೆ ಹತ್ತಿಯ ಕಾಲುಚೀಲ, ಇನ್ನೊಂದಕ್ಕೆ ಮೆರಿನೊ ಉಣ್ಣೆಯದು ಹಾಕಿ, ಶೂಗಳ ಮೇಲೆ ತಲಾ ಒಂದೊಂದು ಚೊಂಬು ನೀರು ಸುರಿದುಕೊಂಡು ಗಾಂಧಿ ಬಜಾರಿನ ತನಕ ನಡೆದು ಬಂದೆ. ಮರಳಿ ಬಂದಾಗ ಹತ್ತಿಯ ಕಡೆಯ ಪಾದ ಸುಕ್ಕುಗಟ್ಟಿ ಬೆಳ್ಳಗಾಗಿ ಹಿಮ್ಮಡಿಯಲ್ಲಿ ಕೆಂಪು ಗೆರೆ ಮೂಡಿತ್ತು, ಉಣ್ಣೆಯ ಕಡೆ ತೇವವಿತ್ತೇ ಹೊರತು ಗೆರೆಯಿರಲಿಲ್ಲ. ಒಳಪದರವನ್ನು ಹೊರತೆಗೆದು ಫ್ಯಾನಿನ ಕೆಳಗಿಟ್ಟ ಶೂ ಬೆಳಗಿನ ಹೊತ್ತಿಗೆ ಒಣಗಿತ್ತು, ಒಳಪದರ ತೆಗೆಯದೆ ಇಟ್ಟದ್ದು ಮಾರನೆಯ ಮಧ್ಯಾಹ್ನದವರೆಗೂ ಹಸಿಯಾಗಿಯೇ ಇತ್ತು.

ಪಾಂಚೊಗಳನ್ನು ಬೆಂಗಳೂರಿನಿಂದ ತರಿಸಿದೆ. ಬಿಡಿಸಿ ಹೊದ್ದು ತೋರಿಸಿದಾಗ ನಮ್ಮ ಮನೆಯವರು, "ಇದು ನಾಟಿಗೆ ಹೊದೆಯುವ ಕೊಪ್ಪೆಯಲ್ಲವೇ, ಇದಕ್ಕಾ ಇಷ್ಟು ದಿನ ಓದಿದಿರಿ?" ಎಂದರು. ಯೋಚಿಸಿದರೆ ಅವರ ಮಾತು ಸರಿಯೇ. ಬಗ್ಗಿ ಕೆಲಸ ಮಾಡುವವರ ಬೆನ್ನು ಕಾಯುತ್ತ ಕೈಗಳನ್ನು ಬಿಡುವಾಗಿಡುವುದು ಕೊಪ್ಪೆಯ ಗುಣ, ಗಾಳಿಯಾಡುವುದೂ ಅದರಂತೆಯೇ. ಅಂಗಡಿಯಲ್ಲಿ ಟೇಪಿಲ್ಲದ ಒಂದನ್ನು ತಿರುಗಿಸಿ ನೋಡಿ ಬೇಡವೆಂದು ಹೇಳಿದಾಗ ಮಾರಾಟದ ಹುಡುಗ ಚಕಿತನಾದನಂತೆ, ತಂದುಕೊಟ್ಟ ತಂಗಿಯ ಮಗ ಹೇಳಿದ.

ತುಂಗಾತೀರದ ಮೇಷ್ಟ್ರು (ಆಗಸ್ಟ್ 9)

ಹೋಗಿ ಬಂದೆವು. ನಾಲ್ಕು ದಿನಗಳಲ್ಲಿ ಮೂರು ದಿನ ಮಳೆ ಬಂತು, ಮೂರೂ ದಿನ ಊಟದ ನಂತರವೇ. ಪಾಂಚೊ ಎಲ್ಲಿ ಕೆಲಸಕ್ಕೆ ಬರಲಿಲ್ಲವೆಂಬುದನ್ನು ಮೊದಲು ಹೇಳುತ್ತೇನೆ. ಅನಿಮಲ್ ಕಿಂಗ್‌ಡಮ್‌ನಲ್ಲಿ ಕಾಲಿ ರಿವರ್ ರ‍್ಯಾಪಿಡ್ಸ್ ಎಂಬ ದುಂಡನೆಯ ತೆಪ್ಪದ ಸವಾರಿಯಿದೆ, ಹನ್ನೆರಡು ಮಂದಿ ಸುತ್ತ ಕೂರುತ್ತಾರೆ. ಮೊಮ್ಮಗಳ ಜೊತೆಗೆ ಪಾಂಚೊ ಹೊದ್ದೇ ಹತ್ತಿದೆ. ನೀರು ಮೇಲಿನಿಂದ ಬೀಳುವುದಕ್ಕಿಂತ ಅಂಚಿನಿಂದ ಮಡಿಲಿಗೇ ನುಗ್ಗಿತು, ಪಾಂಚೊ ಅದನ್ನು ಚೀಲದಂತೆ ಹಿಡಿದಿಟ್ಟುಕೊಂಡಿತು. ಅಲ್ಲಿ ಅದನ್ನು ಮಡಚಿ ಕೆಳಗೆ ಹಾಕಿ ಅದರ ಮೇಲೆ ಕೂರುವುದೇ ಲೇಸು.

ನಿಜವಾದ ಮಳೆಗೆ ಮಾತ್ರ ಅದು ಚೆನ್ನಾಗಿ ನಡೆಯಿತು. ಎಪ್‌ಕಾಟ್‌ನಲ್ಲಿ ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ, ಆ ದಾರಿಯೇ ಹತ್ತಿರಹತ್ತಿರ ಎರಡು ಕಿಲೋಮೀಟರ್. ಜಪಾನಿನ ಮಂಟಪ ದಾಟಿದ ಮೇಲೆ ಹಿಡಿದ ಮಳೆಯಲ್ಲಿ ಎಲ್ಲರೂ ಪಾಂಚೊ ಹೊದ್ದೆವು. ಸ್ಟ್ರೋಲರಿನ ಹೊದಿಕೆಯೊಳಗೆ ಮೊಮ್ಮಗ ನಿದ್ದೆಹೋದ. ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಯೂನಿವರ್ಸಲ್‌ಗೆ ಹೋದ ದಿನ ಉಣ್ಣೆಯ ಕಾಲುಚೀಲಗಳು ಒಗೆದು ಒಣಗಿರಲಿಲ್ಲವೆಂದು, ಗೊತ್ತಿದ್ದೂ ಹತ್ತಿಯವನ್ನೇ ಹಾಕಿಕೊಂಡೆ. ಸಂಜೆಗೆ ಎಡಗಾಲಿನ ಕಿರುಬೆರಳ ಪಕ್ಕದಲ್ಲಿ ಕಡಲೆಬೇಳೆಯಷ್ಟು ಬೊಬ್ಬೆ. ಮಗಳು ಆಮೇಲೆ ತೋರಿಸಿಕೊಟ್ಟಳು: ಒದ್ದೆ ಕಾಲುಚೀಲವನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಮೇಲೆ ನಿಂತು ತುಳಿದರೆ ನೀರೆಲ್ಲ ಟವೆಲಿಗೆ ಇಳಿಯುತ್ತದೆ, ಏಸಿಯ ಗಾಳಿಗೆ ಹಾಕಿದರೆ ಬೆಳಗಾಗುವುದರೊಳಗೆ ಒಣಗುತ್ತದೆ.

ನಮ್ಮ ಮನೆಯವರ ಪಾದದಲ್ಲಿ ಒಂದು ಗೆರೆಯೂ ಏಳಲಿಲ್ಲ. ಚೂಡಿದಾರ್, ಶೂ ಎರಡಕ್ಕೂ ಒಪ್ಪಿದರು, ಕಾಲುಂಗುರವೂ ಟೇಪಿನ ಕೆಳಗೆ ಸುಮ್ಮನಿತ್ತು. ಪ್ರತಿ ರಾತ್ರಿ ಮೊಮ್ಮಗಳು ಫೋನಿನ ಟಾರ್ಚ್ ಹಿಡಿದು ಅಜ್ಜಿಯ ಬೆರಳ ಸಂದಿಗಳನ್ನು ಪರೀಕ್ಷಿಸುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು.

ಬಿಡಿಸದೆ ಉಳಿದ ತೆಳು ಪಾಂಚೊಗಳು ನಾಲ್ಕು ನನ್ನಲ್ಲಿವೆ. ಸೆಪ್ಟೆಂಬರ್ ಒಳಗೆ ಶಿವಮೊಗ್ಗದ ಕಡೆಯಿಂದ ಅಲ್ಲಿಗೆ ಹೊರಟವರಿದ್ದರೆ ಇಲ್ಲಿಯೇ ಬರೆಯಿರಿ, ಕೊಡುತ್ತೇನೆ.